ಗೆಲ್ಲುವವರು ಯಾರು?



ಮಲೆನಾಡಿನ ಮಳೆಗಾಲದಲ್ಲಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸುತ್ತಿನ ಹಳ್ಳಿಗಳಲ್ಲಿ, ತಾಳಮದ್ದಳೆಯ ಕೂಟಗಳು ನಡೆಯುವುದನ್ನು ತಾವು ಬಲ್ಲಿರಿ. ಗದಾಪರ್ವದ ಪ್ರಸಂಗ ಇಟ್ಟುಕೊಂಡ ರಾತ್ರಿ ಒಂದು ವಿಶೇಷ ನಡೆಯುತ್ತದೆ. ಕಥೆಯ ಕೊನೆ ಅಲ್ಲಿ ಕುಳಿತ ಮಕ್ಕಳಿಗೂ ಗೊತ್ತು. ಕೌರವನ ತೊಡೆ ಮುರಿಯಲೇಬೇಕು. ಆದರೂ ಕೌರವನ ಅರ್ಥಧಾರಿ ಸಮರ್ಥನಾಗಿದ್ದರೆ, ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕುಳಿತ ಹಿರಿಯರ ನಡುವೆ ತರ್ಕವೊಂದು ಹುಟ್ಟಿಕೊಳ್ಳುತ್ತದೆ: ಕಾಳಗ ನಿಯಮದಂತೆಯೇ ನಡೆದಿದ್ದರೆ ಗೆಲ್ಲುತ್ತಿದ್ದವನು ಯಾರು? ಬೆಟ್ಟದಂಥ ಭೀಮನೋ, ಗದೆಯಲ್ಲಿ ಪಳಗಿದ ದುರ್ಯೋಧನನೋ?

ಇದನ್ನು ಹರಟೆಯೆಂದು ತಳ್ಳಿಹಾಕುವಂತಿಲ್ಲ. ಕಾಳಗ ಕೂಡುವ ಮೊದಲೇ ಫಲವನ್ನು ಊಹಿಸುವ ಚಪಲ ನಮ್ಮಲ್ಲಿ ಹಳೆಯದು. ಕೋಳಿ ಅಂಕದವರ ಕುಕ್ಕುಟ ಪಂಚಾಂಗವನ್ನು ನೋಡಿ. ಯಾವ ವಾರ, ಯಾವ ಹೊತ್ತಿನಲ್ಲಿ, ಯಾವ ದಿಕ್ಕಿನಿಂದ ಬಿಟ್ಟರೆ ಯಾವ ಬಣ್ಣದ ಹುಂಜ ಗೆಲ್ಲುವುದೆಂಬುದಕ್ಕೆ ಅದರಲ್ಲಿ ಲೆಕ್ಕವಿದೆ. ಹುಂಜವನ್ನು ಸಾಕಿದ ಬಗೆಯೇನು ಎಂಬ ಪ್ರಶ್ನೆ ಸೋತವನಿಗೆ ಮಾತ್ರ, ಅದೂ ತಡವಾಗಿ, ಹೊಳೆಯುತ್ತದೆ. ಈ 'ಅಂಕ' ಎಂಬ ಮಾತು ಕೋಳಿಗಷ್ಟೇ ಸೇರಿದ್ದಲ್ಲ. ಹಳಗನ್ನಡದಲ್ಲಿ ಅದು ಇಬ್ಬರ ನಡುವಣ ಕಾಳಗದ ಹೆಸರು, ಕಣಕ್ಕಿಳಿದು ಕಾದುವವನು ಅಂಕಕಾರ.

ಪಂಚಾಂಗವನ್ನು ನೆಚ್ಚದೆ ದೇಹವನ್ನೇ ಅಳೆದು ನೋಡಿದವರೂ ನಮ್ಮಲ್ಲಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಭಾಗವಿದೆ. ಮಲ್ಲರನ್ನು ಅಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ತರಗತಿ ಮಾಡಿದೆ. ಗಾತ್ರ, ಬಲ, ನೈಪುಣ್ಯ ಇವೇ ಅದಕ್ಕೆ ಆಧಾರ. ನಮ್ಮ 'ಜಟ್ಟಿ' ಶಬ್ದಕ್ಕೂ ಈ ಜ್ಯೇಷ್ಠಿಕನಿಗೂ ನಂಟು ಕಲ್ಪಿಸುವವರಿದ್ದಾರೆ. ನನಗೂ ಅದು ಒಪ್ಪಿಗೆ. ಸಮನಲ್ಲದವರನ್ನು ಒಂದೇ ಕಣದಲ್ಲಿ ನಿಲ್ಲಿಸಬಾರದೆಂಬ ವಿವೇಕ ಆ ದೊರೆಗಿತ್ತು. ಆದರೆ ನೋಡುವವರಿಗೆ ರುಚಿಸುವುದು ಸಮನಲ್ಲದವರ ಜೋಡಿಯೇ. ಅಲ್ಲಿ ಮಾತ್ರ ಊಹೆಗೆ ಎಡೆಯುಂಟು.

ಗಾತ್ರವೇ ಗೆದ್ದ ಕಾಳಗವೊಂದನ್ನು ನಮ್ಮ ಸಾಹಿತ್ಯ ಬಲ್ಲದು. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗಾಗಲಿ, ಶೃಂಗೇರಿಯ ಪಾರ್ಶ್ವನಾಥ ಬಸದಿಗಾಗಲಿ ಬರುವ ಶ್ರಾವಕರಿಗೆ ಅದು ಮನೆಮಾತು. 941ರಲ್ಲಿ ಪಂಪ ತನ್ನ 'ಆದಿಪುರಾಣ'ದಲ್ಲಿ ಹೇಳಿದ ಭರತ ಬಾಹುಬಲಿಯರ ಪ್ರಸಂಗವದು. ಎರಡು ಕಡೆಯ ಮಂತ್ರಿಗಳು ಕೂಡಿ ಮಾಡಿದ ಲೆಕ್ಕಾಚಾರ ಗಮನಾರ್ಹವಾದುದು. ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಇದೇ ಜನ್ಮದಲ್ಲಿ ಮೋಕ್ಷ ಪಡೆಯಬೇಕಾದವರು. ಆದುದರಿಂದ ಅವರಿಗೆ ಯುದ್ಧದಲ್ಲಿ ಸಾವಿಲ್ಲ. ಸಾಯುವುದು ಸೈನ್ಯ ಮಾತ್ರ. ಹೀಗೆಂದು ಕಂಡುಕೊಂಡ ಮೇಲೆ ಅವರು ಸೈನ್ಯವನ್ನು ಬದಿಗಿಟ್ಟು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮುನ್ನೋಟವೊಂದು ಇಷ್ಟು ಜನರ ಪ್ರಾಣವನ್ನುಳಿಸಿದ ಇನ್ನೊಂದು ನಿದರ್ಶನ ನನಗೆ ತೋರದು. ಇನ್ನು ಸ್ಪರ್ಧೆಯ ಮಾತು. ಪುರಾಣದ ಪ್ರಕಾರ ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525. ಆ 25 ಬಿಲ್ಲುಗಳೇ ಎಲ್ಲವನ್ನೂ ತೀರ್ಮಾನಿಸಿದವು. ಕಣ್ಣಿಗೆ ಕಣ್ಣಿಟ್ಟು ನಿಂತಾಗ ಕತ್ತೆತ್ತಿ ನೋಡಬೇಕಾದವನು ಭರತ. ನೀರೆರಚಿದಾಗ ಅವನ ನೀರು ತಮ್ಮನ ಎದೆಯನ್ನಷ್ಟೇ ಮುಟ್ಟಿತು, ತಮ್ಮನದು ಅವನ ಮುಖಕ್ಕೇ ಅಪ್ಪಳಿಸಿತು. ಮಂತ್ರಿಗಳು ಆರಿಸಿದ ಸ್ಪರ್ಧೆಗಳಲ್ಲೇ ಫಲ ಅಡಗಿತ್ತು. ಚಕ್ರವರ್ತಿಯ ಕಡೆಯವರಿಗೆ ಇದು ಹೊಳೆಯದೆ ಹೋದದ್ದು ಹೇಗೆ ಎಂಬುದೇ ನನ್ನ ಸೋಜಿಗ.

ಯಾವ ನಿಯಮದಲ್ಲಿ ಕಾದುತ್ತಾರೆಂಬುದನ್ನು ಕೇಳದೆ ಗೆಲ್ಲುವವನ ಹೆಸರು ಹೇಳಲಾಗದೆಂಬುದಕ್ಕೆ ನಮ್ಮ ಮೈಸೂರಿನಲ್ಲೇ ಸಾಕ್ಷಿಯಿದೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಯುಳ್ಳ ಆಯುಧ ತೊಟ್ಟು ಎದುರಾಗುತ್ತಾರೆ. ತಲೆಯಿಂದ ಮೊದಲ ರಕ್ತದ ಹನಿ ಜಿನುಗಿತೋ, ಕಾಳಗ ಮುಗಿಯಿತು. ಹಾಗಿರುವಲ್ಲಿ ಮೈತೂಕ ಏನು ಮಾಡೀತು? ಕಣ್ಣು ಚುರುಕಾದ, ಮಣಿಕಟ್ಟು ಹಗುರಾದ ಸಣ್ಣಾಳು ಬೃಹತ್ಕಾಯನನ್ನು ಕ್ಷಣಮಾತ್ರದಲ್ಲಿ ಸೋಲಿಸಬಲ್ಲ. ಅದೇ ಇಬ್ಬರನ್ನು ಮಟ್ಟಿಯ ಮಣ್ಣಿನಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ, ಲೆಕ್ಕ ತಿರುಗುಮುರುಗಾಗುತ್ತದೆ.

ಈಗ ಮತ್ತೆ ಭೀಮ ದುರ್ಯೋಧನರಿಗೆ ಬರೋಣ. ಇವರು ಒಂದೇ ದಿನ ಹುಟ್ಟಿದವರೆಂದು ಆದಿಪರ್ವ ಹೇಳುತ್ತದೆ. ಹದಿಮೂರು ವರ್ಷದ ವನವಾಸ ಅಜ್ಞಾತವಾಸಗಳು ಕಳೆದು, ಹದಿನೆಂಟು ದಿನದ ಯುದ್ಧ ಮುಗಿದು, ಎದುರಾಗುವ ಹೊತ್ತಿಗೆ ಇಬ್ಬರೂ ಮಾಗಿದ ಜಟ್ಟಿಗಳೇ. ವ್ಯಾಸಭಾರತದ ಶಲ್ಯಪರ್ವದಲ್ಲಿ ಅರ್ಜುನ ನಮ್ಮ ಜಗಲಿಯ ಪ್ರಶ್ನೆಯನ್ನೇ ಕೃಷ್ಣನಿಗೆ ಕೇಳುತ್ತಾನೆ. ಕೃಷ್ಣನ ಉತ್ತರದಲ್ಲಿ ಪಕ್ಷಪಾತದ ಸೋಂಕಿಲ್ಲ. ಇಬ್ಬರಿಗೂ ದೊರೆತ ಶಿಕ್ಷಣ ಸಮಾನ. ಬಲದಲ್ಲಿ ಭೀಮ ಮೇಲು. ಸಾಧನೆಯಲ್ಲಿ ದುರ್ಯೋಧನ ಮೇಲು. ನ್ಯಾಯವಾಗಿ ಕಾದಿದರೆ ಭೀಮ ಗೆಲ್ಲಲಾರ. ಭೀಮನನ್ನು ಕೊಲ್ಲಬೇಕೆಂದು ಕೌರವ ಹದಿಮೂರು ವರ್ಷ ಕಬ್ಬಿಣದ ಪುರುಷನ ಮೇಲೆ ಗದೆ ಬೀಸಿ ಅಭ್ಯಾಸ ಮಾಡಿದ್ದ. ಭೀಮ ಆ ಹದಿಮೂರು ವರ್ಷ ಕಾಡಿನಲ್ಲಲೆದ, ವಿರಾಟನ ಅಡುಗೆಮನೆಯಲ್ಲಿ ಸೌಟು ಹಿಡಿದ.

ಕೃಷ್ಣನನ್ನು ಕೆರಳಿಸಿದ್ದು ಇನ್ನೊಂದು ಸಂಗತಿ. ಐವರಲ್ಲಿ ಯಾರನ್ನಾದರೂ ಆರಿಸಿಕೊ, ಅವನೊಬ್ಬನನ್ನು ಗೆದ್ದರೆ ರಾಜ್ಯ ನಿನ್ನದು ಎಂದು ಧರ್ಮರಾಜ ಮಾತು ಕೊಟ್ಟುಬಿಟ್ಟಿದ್ದ. ಆತ ನಕುಲನನ್ನೋ ಸಹದೇವನನ್ನೋ ಆರಿಸಿಕೊಂಡಿದ್ದರೆ? ಇದು ಶಕುನಿಯೊಡನೆ ಆಡಿದ ಜೂಜಿನ ಪುನರಾವೃತ್ತಿಯೆಂದು ಕೃಷ್ಣ ಅವನನ್ನು ಜರೆಯುತ್ತಾನೆ. ಬಲ್ಲವನ ಮುನ್ನೋಟಕ್ಕೂ ಜೂಜುಗಾರನ ಹುಂಬತನಕ್ಕೂ ಇರುವ ಅಂತರ ಇಲ್ಲಿ ಎಷ್ಟು ಸ್ಪಷ್ಟವಾಗಿದೆ! ಆದರೆ ಸೋಲು ಖಚಿತವೆಂದು ಕಂಡ ಕೃಷ್ಣ ಮಾಡಿದ್ದೇನು? ಅರ್ಜುನನಿಗೆ ತೊಡೆಯ ಪ್ರತಿಜ್ಞೆಯನ್ನು ನೆನಪಿಸಿದ, ಅರ್ಜುನ ತನ್ನ ತೊಡೆ ತಟ್ಟಿ ಭೀಮನಿಗೆ ಸನ್ನೆಮಾಡಿದ. ಹೊಕ್ಕುಳ ಕೆಳಗೆ ಹೊಡೆಯಬಾರದೆಂಬ ನಿಯಮ ಅಲ್ಲಿಗೆ ಮುರಿಯಿತು. ಮುರಿದ ಗಳಿಗೆಯನ್ನು ವ್ಯಾಸರು ಸೂಕ್ಷ್ಮವಾಗಿ ಗುರುತಿಸಿದ್ದಾರೆ: ಪೆಟ್ಟು ತಪ್ಪಿಸಲು ಕೌರವ ಮೇಲಕ್ಕೆ ನೆಗೆಯುವಾಗ ಗದೆ ತೊಡೆಗೆ ಬೀಳುತ್ತದೆ. ಬಲಶಾಲಿಯ ಎದುರು ಅವನನ್ನು ಅಲ್ಲಿಯವರೆಗೆ ಕಾಯ್ದ ನೆಗೆತದ ಚಳಕವೇ ಅವನ ತೊಡೆಯನ್ನು ಒಡ್ಡಿತು. ಇಬ್ಬರಿಗೂ ಗುರುವಾದ ಬಲರಾಮನ ಕೋಪ ನ್ಯಾಯವಾದುದೆಂದೇ ನನ್ನ ಮತ.

ಇತಿಹಾಸದಲ್ಲಿ ಇದಕ್ಕೆ ಹತ್ತಿರದ ಜೋಡಿ ಗಾಮಾ ಮತ್ತು ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ. 1910ರಲ್ಲಿ ಗಾಮಾ ಲಂಡನ್ನಿಗೆ ಹೋದಾಗ ಆಳು ಗಿಡ್ಡನೆಂದು ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಬಳಿಕ ಸೆಪ್ಟೆಂಬರ್ 10ರಂದು ಈ ಇಬ್ಬರಿಗೆ ಗಂಟುಬಿದ್ದಿತು. ಜಿಬಿಸ್ಕೊನ ತೂಕ ಸುಮಾರು 50 ಪೌಂಡು ಹೆಚ್ಚು. ಆತ ಆ ತೂಕವನ್ನು ಬಳಸಿದ್ದು ನೆಲಕ್ಕಂಟಿಕೊಂಡು ಮಲಗಲಿಕ್ಕೆ! ಎರಡೂವರೆ ಗಂಟೆಗೂ ಮಿಕ್ಕಿ ಗಾಮಾ ಆ ಬಂಡೆಯನ್ನು ಮಗುಚಲಾರದೆ ಹೋದ. ವಾರದ ಬಳಿಕ ಮತ್ತೆ ಕೂಡಬೇಕಾಗಿದ್ದ ಪಂದ್ಯಕ್ಕೆ ಜಿಬಿಸ್ಕೊ ಬರಲೇ ಇಲ್ಲ. ಹದಿನೇಳು ವರ್ಷ ಕಳೆದು, 1928ರ ಜನವರಿಯಲ್ಲಿ, ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಎದುರಾದರು. ಇಬ್ಬರಿಗೂ ಐವತ್ತರ ಆಸುಪಾಸು. ಜಿಬಿಸ್ಕೊ ಈ ನಡುವೆ ಜಗಜ್ಜಟ್ಟಿಯೆನಿಸಿ ಬಂದಿದ್ದ. ಹಳೆಯ ಪಂದ್ಯವನ್ನು ಕಂಡವರು ಇನ್ನೊಂದು ದೀರ್ಘ ಕಾಳಗವನ್ನು ನಿರೀಕ್ಷಿಸಿದ್ದರೆ ಅದರಲ್ಲಿ ತಪ್ಪೇನು? ಒಂದು ನಿಮಿಷ ತುಂಬುವುದರೊಳಗೆ ಜಿಬಿಸ್ಕೊನ ಬೆನ್ನು ನೆಲ ಮುಟ್ಟಿತ್ತು. ನನ್ನ ಎಣಿಕೆಯಲ್ಲಿ ಕಾರಣ ಸರಳ. ವಯಸ್ಸು ಇಬ್ಬರಿಂದಲೂ ಸಮನಾಗಿ ಕಸಿದುಕೊಂಡಿರಲಿಲ್ಲ. ಭಾರದ ಮೈಗೆ ಮುಪ್ಪು ಬಂದರೆ ಭಾರ ಉಳಿಯುತ್ತದೆ, ಅದನ್ನು ಹೊತ್ತು ತಿರುಗುವ ಕಾಲು ಉಳಿಯುವುದಿಲ್ಲ. ಕಿರಿಯರ ಕಾಳಗದಲ್ಲಿ ತೂಕಕ್ಕೆ ಕೊಡುವ ಬೆಲೆಯನ್ನು ಹಿರಿಯರ ಕಾಳಗದಲ್ಲಿ ಕೊಡಲಾಗದು.

ಮುಷ್ಟಿಯುದ್ಧದಲ್ಲಿ ಮುಪ್ಪಿನ ಲೆಕ್ಕ ಇದಕ್ಕಿಂತ ಕ್ರೂರವಾದುದು. ಅಲ್ಲಿ ಪೆಟ್ಟು ಬೀಳುವುದು ತಲೆಗೆ. 1974ರಲ್ಲಿ ಕಾಂಗೋ ದೇಶದ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಬಲಿಷ್ಠನಾದ ಫೋರ್‌ಮನ್ನನ ಮುಂದೆ ಉಳಿಯಲಾರನೆಂದು ಬಲ್ಲವರೆನಿಸಿಕೊಂಡವರು ಹೇಳಿದರು. ಎಂಟನೆಯ ಸುತ್ತಿನಲ್ಲಿ ಬಿದ್ದವನು ಫೋರ್‌ಮನ್. ಆ ತಪ್ಪೆಣಿಕೆಯಿಂದ ಒಂದು ಅಪಾಯವಾಯಿತು: ಅಲಿಯ ವಿಷಯದಲ್ಲಿ ಯಾವ ಎಣಿಕೆಯೂ ನಡೆಯದೆಂಬ ನಂಬಿಕೆ ಬೇರೂರಿತು. ಅವನ ವೈದ್ಯ ಫರ್ಡಿ ಪಚೇಕೊ ಮಾತ್ರ ಗೆಲವು ಸೋಲುಗಳನ್ನು ಎಣಿಸಲಿಲ್ಲ, ದೇಹವನ್ನು ನೋಡಿದ. 1977ರಲ್ಲಿ ಶೇವರ್ಸ್‌ನೊಡನೆ ನಡೆದ ಕಾಳಗವನ್ನು ಅಲಿ ಗೆದ್ದಿದ್ದ. ಆದರೂ ಇನ್ನು ನಿಲ್ಲಿಸಬೇಕೆಂದು ಪಚೇಕೊ ಎಚ್ಚರಿಸಿದ. ಕೇಳುವವರಿಲ್ಲದಾಗ ಬಳಗವನ್ನೇ ಬಿಟ್ಟುಹೋದ. 1980ರ ಅಕ್ಟೋಬರ್ 2ರಂದು, 38ರ ವಯಸ್ಸಿನಲ್ಲಿ, ಅಲಿ ಲ್ಯಾರಿ ಹೋಮ್ಸ್‌ನ ಎದುರು ನಿಂತ. ಹೋಮ್ಸ್ ಒಂದು ಕಾಲಕ್ಕೆ ಅವನ ಅಭ್ಯಾಸದ ಜೊತೆಗಾರ. ಹತ್ತು ಸುತ್ತು ಹೊಡೆತ ತಿಂದ ಮೇಲೆ ತರಬೇತುಗಾರ ಡಂಡಿ ಕಾಳಗವನ್ನು ನಿಲ್ಲಿಸಿದ. ಮರುವರ್ಷ ಡಿಸೆಂಬರಿನಲ್ಲಿ ಬಹಾಮಾಸ್‌ನಲ್ಲಿ ಬರ್ಬಿಕ್ ಎಂಬವನೊಡನೆ ಮತ್ತೊಂದು ಕಾಳಗ, ಮತ್ತೊಂದು ಸೋಲು. ಪಾರ್ಕಿನ್ಸನ್ ರೋಗದ ಲಕ್ಷಣಗಳನ್ನು ವೈದ್ಯರು ಗುರುತಿಸಿದ್ದು 1984ರಲ್ಲಿ. ಅಲ್ಲಿಂದಾಚೆಗೆ ಮೂವತ್ತೆರಡು ವರ್ಷ, 2016ರವರೆಗೆ, ಅಲಿ ನಡುಗುವ ಕೈಗಳೊಡನೆ ಬದುಕಿದ.