ಮಗುವಿನ ಮಾತು, ಮಗುವಿನ ತುತ್ತು

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಮಗುವಿಗೆ ಮಾತು ತಡವಾದರೆ ಮನೆಯ ಹಿರಿಯರು ಹೇಳುವ ಸಮಾಧಾನ ಹೆಚ್ಚುಕಡಮೆ ಒಂದೇ: “ಅವರಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದದ್ದು, ಕಾಲ ಬಂದರೆ ತಾನೇ ಬರುತ್ತದೆ.” ಇದರ ಜೊತೆಗೆ ಬಜೆಯನ್ನು ತೇಯ್ದು ನಾಲಗೆಗೆ ಸವರುವುದುಂಟು, ಮನೆದೇವರಿಗೆ ಹರಕೆ ಹೊರುವುದುಂಟು. ಈ ಸಮಾಧಾನದಲ್ಲಿ ಪ್ರೀತಿಯಿದೆ, ತಾಳ್ಮೆಯಿದೆ. ಕೆಲವು ಮಕ್ಕಳ ವಿಷಯದಲ್ಲಿ ಅದು ನಿಜವೂ ಆಗುತ್ತದೆ. ಆದರೆ ಯಾವ ಮಗುವಿನ ವಿಷಯದಲ್ಲಿ ನಿಜವಾಗುತ್ತದೆ, ಯಾವುದರ ವಿಷಯದಲ್ಲಿ ಆಗುವುದಿಲ್ಲ ಎಂಬುದನ್ನು ಜಗಲಿಯಲ್ಲಿ ಕುಳಿತು ನಿರ್ಣಯಿಸಲು ಯಾರಿಂದಲೂ ಸಾಧ್ಯವಿಲ್ಲ. ಕಾಯುವುದರಲ್ಲಿ ಕಳೆದುಹೋದ ಎರಡು ವರ್ಷ ದೊಡ್ಡವರ ಆಯುಸ್ಸಿನಲ್ಲಿ ಅಲ್ಪವಾದುದು. ನಾಲ್ಕು ವರ್ಷದ ಮಗುವಿಗೆ ಅದು ಆಯುಸ್ಸಿನ ಅರ್ಧ. ಈ ಕಾಯುವಿಕೆಯನ್ನು ಕುರಿತೂ, ಅದಕ್ಕೆ ಬದಲಾಗಿ ಮನೆಯವರು ಮಾಡಬಹುದಾದ ಕೆಲಸವನ್ನು ಕುರಿತೂ ಈಗ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ಆದರೆ ಭಾಷೆಯೊಡನೆ ವ್ಯವಹರಿಸುವವರಿಗೆ ಒಂದು ಸಂಗತಿ ಎಂದಿಗೂ ಆಶ್ಚರ್ಯಕರವಾದುದೇ. ನಮ್ಮ ತರಗತಿಗೆ ಬಂದು ಕುಳಿತುಕೊಳ್ಳುವ ತರುಣನು ತನ್ನ ತಾಯಿನುಡಿಯ ಮುಖ್ಯವಾದ ವ್ಯಾಕರಣವನ್ನೆಲ್ಲ 5 ವರ್ಷ ತುಂಬುವುದರೊಳಗಾಗಿಯೇ, ಪುಸ್ತಕವಿಲ್ಲದೆ, ಬೆತ್ತವಿಲ್ಲದೆ ಕಲಿತು ಬಂದಿರುತ್ತಾನೆ. ಇಂಥ ಶೀಘ್ರಗ್ರಹಣ ಮುಂದೆ ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಅವನಿಗೆ ಲಭಿಸುವುದಿಲ್ಲ. ಆದುದರಿಂದಲೇ ಆ ಮೊದಲ ವರ್ಷಗಳಿಗೆ ಅಷ್ಟು ಬೆಲೆ.

ಈ ಕಲಿಕೆಗೆ ಒಂದು ಕ್ರಮವುಂಟು. 6ರಿಂದ 10 ತಿಂಗಳೊಳಗಾಗಿ ಕೂಸು ‘ಬಬಬ’, ‘ದದದ’ ಎಂದು ತೊದಲತೊಡಗುತ್ತದೆ. ವರ್ಷ ತುಂಬುವ ಹೊತ್ತಿಗೆ ಹೆಸರು ಹಿಡಿದು ಕರೆದರೆ ತಿರುಗುತ್ತದೆ, ಬೇಕಾದುದನ್ನು ಬೆರಳಿಟ್ಟು ತೋರಿಸುತ್ತದೆ, ಒಂದೆರಡು ಮಾತನ್ನೂ ಆಡುತ್ತದೆ. 2 ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಮಾತುಗಳನ್ನು ಜೋಡಿಸುತ್ತದೆ. ಒಂದೆರಡು ತಿಂಗಳ ಹಿಂದುಮುಂದು ಸಹಜವಾದುದೇ. ಆದರೆ 18 ತಿಂಗಳಾದರೂ ಒಂದು ಮಾತೂ ಇಲ್ಲ, 2 ವರ್ಷವಾದರೂ ಜೋಡಿಮಾತಿಲ್ಲ, ಅಥವಾ ಬಂದಿದ್ದ ಮಾತು ಹಿಂದೆಗೆಯಿತು ಎಂದರೆ ಅಲ್ಲಿ ಕಾಯತಕ್ಕದ್ದಲ್ಲ.

ಆಗ ಮೊದಲು ಪರೀಕ್ಷಿಸಬೇಕಾದುದು ನಾಲಗೆಯನ್ನಲ್ಲ, ಕಿವಿಯನ್ನು. ಕೇಳದ ಮಾತನ್ನು ಮಗು ಆಡುವುದಾದರೂ ಹೇಗೆ? ಬಾಗಿಲ ಸದ್ದಿಗೆ ತಿರುಗಿತು ಎಂದ ಮಾತ್ರಕ್ಕೆ ಕಿವಿ ಸರಿಯಾಗಿದೆಯೆಂದು ಹೇಳಲಾಗದು. ದಪ್ಪ ಸದ್ದು ಕೇಳಿಸಿ, ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದೆ ಇರುವುದುಂಟು. ಈಗ ಮಲಗಿದ ಕೂಸಿನ ಕಿವಿಗೆ ಸಣ್ಣದೊಂದು ಸಾಧನವನ್ನು ಇಟ್ಟು, ಕೆಲವೇ ನಿಮಿಷಗಳಲ್ಲಿ, ಯಾವ ನೋವೂ ಇಲ್ಲದೆ ಪ್ರಾಥಮಿಕ ಪರೀಕ್ಷೆ ಮಾಡಬಹುದು. 1 ತಿಂಗಳೊಳಗೆ ಈ ಪರೀಕ್ಷೆ, ಸಂದೇಹವಿದ್ದರೆ 3 ತಿಂಗಳೊಳಗೆ ನಿರ್ಧಾರ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಈ ವಿದ್ಯೆಯ ತಜ್ಞರು ಒಪ್ಪಿರುವ ಲೆಕ್ಕ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಉಳಿದಿರುವ ನಮ್ಮ ಸೀಮೆಯಲ್ಲಿ ಹುಟ್ಟುಗಿವುಡಿನ ಸಂಭವ ಅಷ್ಟರ ಮಟ್ಟಿಗೆ ಅಧಿಕ. ಅಂಥ ಮನೆಗಳಲ್ಲಂತೂ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಇನ್ನು ಉಚ್ಚಾರಣೆಯ ಮಾತು. ನಮ್ಮ ಅಕ್ಷರಮಾಲೆಯ ವರ್ಗೀಯ ವ್ಯಂಜನಗಳು ಕಂಠದಿಂದ ಹೊರಟು ತುಟಿಯಲ್ಲಿ ಮುಗಿಯುತ್ತವೆ; ಕವರ್ಗ ಮೊದಲು, ಪವರ್ಗ ಕೊನೆ. ಮಗುವಾದರೋ ಸಾಮಾನ್ಯವಾಗಿ ಈ ಸಾಲಿನ ಕೊನೆಯನ್ನೇ ಮುಂಚೆ ಹಿಡಿಯುತ್ತದೆ. ಅಮ್ಮ, ಅಪ್ಪ, ಮಮ್ಮು: ಮೂರೂ ತುಟಿಯ ಅಕ್ಷರಗಳೇ. ರಕಾರ ಬರುವುದು ಬಹಳ ತಡವಾಗಿ. 3 ವರ್ಷದ ಮಗು ‘ರಾಗಿ’ಯನ್ನು ‘ಲಾಗಿ’ ಎಂದರೆ ಅದು ರೋಗವಲ್ಲ; ನಕ್ಕು ಅಣಕಿಸದೆ, ತಿದ್ದಿ ಪೀಡಿಸದೆ, “ಹೌದು, ರಾಗಿ” ಎಂದು ನಾವು ಸರಿಯಾಗಿ ನುಡಿದರೆ ಸಾಕು.

ಈ ತುಟಿ, ನಾಲಗೆ, ಅಂಗುಳು, ಗಂಟಲುಗಳೇ ಉಣ್ಣುವ ಅಂಗಗಳೂ ಆಗಿವೆಯಷ್ಟೆ. ಹಾಗೆಂದು ಅಗಿಯಲು ಕಲಿತ ಮಾತ್ರಕ್ಕೆ ಮಾತು ಬಂದುಬಿಡುವುದಿಲ್ಲ. ಅವು ಎರಡು ಬೇರೆ ವಿದ್ಯೆಗಳು. ಆದರೆ ಅಂಗಗಳು ಒಂದೇ ಆದುದರಿಂದ ವಾಕ್ ಚಿಕಿತ್ಸಕರೇ ಮಗುವಿನ ನುಂಗುವಿಕೆಯನ್ನೂ ನೋಡುತ್ತಾರೆ. ಈ ಸಂಗತಿಯನ್ನು ನಮ್ಮಲ್ಲಿ ಅನೇಕ ವಿದ್ಯಾವಂತರೂ ಅರಿಯರು. ಹೆರಿಗೆಯ ಸಮಯದಲ್ಲಿ ಉಸಿರುಕಟ್ಟಿಯೋ, ಅವಧಿಗೆ ಮುಂಚೆ ಹುಟ್ಟಿಯೋ ಮೆದುಳಿಗೆ ಪೆಟ್ಟಾದ ಕೂಸಿಗೆ ಕತ್ತು ನಿಲ್ಲುವುದು ಕಷ್ಟ, ನುಂಗುವುದೂ ಕಷ್ಟ. ಅಂಥ ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಿಂದ ಹಾಲನ್ನೋ ಗಂಜಿಯನ್ನೋ ಬಾಯಿಗೆ ಸುರಿಯುವುದು, ನುಂಗದಿದ್ದರೆ ಮೂಗು ಹಿಡಿಯುವುದು ಅಪಾಯಕರ. ಅನ್ನದ ದಾರಿಗೆ ಹೋಗಬೇಕಾದುದು ಉಸಿರಿನ ದಾರಿಗೆ ಹೋಗುತ್ತದೆ. ಉಣ್ಣುವಾಗ ಕೆಮ್ಮು, ಉಂಡ ಮೇಲೆ ಗಂಟಲಲ್ಲಿ ಗೊರಗೊರ, ಮೇಲಿಂದ ಮೇಲೆ ಶ್ವಾಸಕೋಶದ ಉರಿಯೂತ: ಇವು ಕಂಡಲ್ಲಿ ‘ಕೂಸಿಗೆ ಕಫ ಜಾಸ್ತಿ’ ಎಂದು ಸುಮ್ಮನಾಗದೆ, ನುಂಗುವ ಕ್ರಮವನ್ನು ತಿಳಿದವರಿಗೆ ತೋರಿಸಬೇಕು. ಅವರು ಹೇಳಿಕೊಡುವುದು ಬಹುಮಟ್ಟಿಗೆ ಸರಳವಾದ ವಿಧಾನಗಳೇ. ಬೆನ್ನಿಗೂ ಕತ್ತಿಗೂ ಆಸರೆ ಕೊಟ್ಟು ನೆಟ್ಟಗೆ ಕೂರಿಸುವುದು. ತಲೆ ಹಿಂದಕ್ಕೆ ಬೀಳದಂತೆ ಗಲ್ಲವನ್ನು ತುಸು ತಗ್ಗಿಸಿ ಹಿಡಿಯುವುದು. ಸಣ್ಣ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ, ಒಂದು ಗುಟುಕು ಇಳಿಯುವವರೆಗೆ ಮತ್ತೊಂದನ್ನು ಕೊಡದಿರುವುದು. ತೆಳು, ಗಟ್ಟಿಗಳಲ್ಲಿ ಆ ಮಗುವಿಗೆ ಯಾವುದು ಹಿತವೆಂದು ಪರೀಕ್ಷಿಸಿ ಗೊತ್ತುಮಾಡುವುದು.

ಆರೋಗ್ಯವಾಗಿರುವ ಮಕ್ಕಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯಕ. 6 ತಿಂಗಳು ತುಂಬಿದ ಮೇಲೆ ನಮ್ಮ ಕಡೆ ಕೊಡುವ ರಾಗಿ ಸರಿ ಉತ್ತಮವಾದ ಆಹಾರ. ಆದರೆ ಅದನ್ನೇ ಎರಡು ವರ್ಷದವರೆಗೆ ಕುಡಿಸಿ, ಅಲ್ಲಿಂದ ನೇರವಾಗಿ ಮುದ್ದೆಗೆ ತಂದರೆ, ಮಗು ಅಗಿಯುವುದನ್ನು ಕಲಿಯುವುದು ಯಾವಾಗ? ಮುದ್ದೆಯನ್ನು ನಾವು ನುಂಗುವವರೇ ಹೊರತು ಅಗಿಯುವವರಲ್ಲವಷ್ಟೆ! ಆದುದರಿಂದ 10 ತಿಂಗಳಾಗುವುದರೊಳಗೆ ಇಡ್ಲಿಯ ಚೂರು, ಕಿವುಚಿದ ಬಾಳೆಹಣ್ಣು, ಮೆತ್ತಗೆ ಬೆಂದ ತರಕಾರಿ ಮುಂತಾದ ಉಂಡೆಯುಳ್ಳ ಆಹಾರದ ರೂಢಿಯಾಗಬೇಕು. ತಡಮಾಡಿದಷ್ಟೂ ಮುಂದೆ ಊಟದ ವೇಳೆಯ ಹಟ ಹೆಚ್ಚುವ ಸಂಭವವುಂಟು.

ಮೂರನೆಯದು ಆಕ್ಯುಪೇಷನಲ್ ಥೆರಪಿ ಎಂಬ ವಿದ್ಯೆ. ನಮ್ಮ ದೇಶದಲ್ಲಿ ಇದಕ್ಕೊಂದು ಶಾಲೆಯನ್ನು 1950ರಲ್ಲಿ ಮುಂಬಯಿಯಲ್ಲಿ ತೆರೆದವರು ಕಮಲಾ ನಿಂಬ್ಕರ್ ಅವರು. ಹೆಸರಿನ ಅರ್ಥ ಉದ್ಯೋಗವೆಂದಾದರೂ ಇದು ಸಂಬಳದ ಉದ್ಯೋಗವಲ್ಲ. ಮಗುವಿನ ಉದ್ಯೋಗವೆಂದರೆ ಆಡುವುದು, ಉಣ್ಣುವುದು, ಉಡುವುದು, ಗುಂಡಿ ಹಾಕಿಕೊಳ್ಳುವುದು, ಬಳಪ ಹಿಡಿಯುವುದು. ಇವುಗಳಲ್ಲಿ ಹಿಂದೆ ಬಿದ್ದ ಕೈಗಳನ್ನು ಪಳಗಿಸುವುದೇ ಈ ವಿದ್ಯೆ. ಇದಕ್ಕೆ ಬೆಲೆಬಾಳುವ ಸಾಮಗ್ರಿಯೇ ಬೇಕೆಂದಿಲ್ಲ. ಸುಗ್ಗಿಯ ಕಾಲದಲ್ಲಿ ನಮ್ಮ ಮನೆಗಳಲ್ಲಿ ಅವರೆಕಾಯಿ ಸುಲಿಯುತ್ತಾರೆ, ನೆನೆದ ಕಾಳನ್ನು ಹಿದುಕುತ್ತಾರೆ. ಹೆಬ್ಬೆರಳೂ ತೋರುಬೆರಳೂ ಕೂಡಿ ಮಾಡುವ ಈ ಕೆಲಸಕ್ಕಿಂತ ಒಳ್ಳೆಯ ವ್ಯಾಯಾಮವನ್ನು ಹುಡುಕುವುದು ಕಷ್ಟ. ತಟ್ಟೆಯಲ್ಲಿ ಹರಡಿದ ರಾಗಿಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆಯುವುದು, ಚಪಾತಿಹಿಟ್ಟನ್ನು ನಾದುವುದು ಇವೂ ಅಂಥವೇ. ಕಾಳು ಮೂಗಿಗೋ ಗಂಟಲಿಗೋ ಹೋಗದಂತೆ ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತಿರಬೇಕು, ಅಷ್ಟೆ. ಆದರೆ ಯಾವ ಮಗುವಿಗೆ ಯಾವ ಕೆಲಸ, ಎಷ್ಟು ಹೊತ್ತು, ಯಾವ ಭಂಗಿಯಲ್ಲಿ ಎಂಬುದನ್ನು ಬಲ್ಲವರಿಂದಲೇ ತಿಳಿಯಬೇಕು.

ಬಲ್ಲವರು ಎಲ್ಲಿದ್ದಾರೆ? ಈ ವಿಷಯದಲ್ಲಿ ನಮ್ಮ ಸೀಮೆ ಭಾಗ್ಯಶಾಲಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪಿತವಾದುದು ಮೈಸೂರಿನಲ್ಲಿಯೇ. ಮಾನಸಗಂಗೋತ್ರಿಯಲ್ಲಿರುವ ಆ ಸಂಸ್ಥೆಗೆ ದೇಶದ ಮೂಲೆಮೂಲೆಗಳಿಂದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬರುತ್ತಾರೆ. ಮಂಡ್ಯಕ್ಕೆ ಅದು ಸುಮಾರು 45 ಕಿಲೋಮೀಟರು. ಹೀಗಿರಲು, ದೀಪದ ಬುಡದಲ್ಲಿ ಕತ್ತಲೆಯಿರುವುದು ಸರಿಯೆ? ಆದರೆ ದೂರವನ್ನು ಕಿಲೋಮೀಟರುಗಳಿಂದ ಮಾತ್ರ ಅಳೆಯಲಾಗದು. ಮಂಡ್ಯ, ಮದ್ದೂರಿನವರಿಗೆ ರೈಲುಂಟು, ಮಳವಳ್ಳಿಗೆ ರೈಲಿಲ್ಲ. ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ಮೈಸೂರಿಗೆ, ಕತ್ತು ನಿಲ್ಲದ 3 ವರ್ಷದ ಮಗುವನ್ನು ಹೊತ್ತು ಎರಡು ಬಸ್ಸು ಹತ್ತಿ ಇಳಿಯುವ ಕೂಲಿಯ ಹೆಣ್ಣುಮಗಳಿಗೆ ಒಂದು ದಿನದ ಚಿಕಿತ್ಸೆಯೆಂದರೆ ಒಂದು ದಿನದ ಕೂಲಿ ನಷ್ಟ. ಮೊದಲ ತಿಂಗಳು ವಾರಕ್ಕೊಮ್ಮೆ ಹೋದವಳು ಮೂರನೆಯ ತಿಂಗಳಿಗೆ ನಿಲ್ಲಿಸಿದರೆ ಅದನ್ನು ಉದಾಸೀನವೆಂದು ಕರೆಯುವುದು ಅನ್ಯಾಯ.

ಇಲ್ಲಿಯೇ ನಾವು ಮುಖ್ಯವಾಗಿ ಹೇಳಬೇಕಾದ ಮಾತಿರುವುದು. ವಾರಕ್ಕೆ 168 ಗಂಟೆ. ಚಿಕಿತ್ಸಕರ ಎದುರಿನಲ್ಲಿ ಮಗು ಕಳೆಯುವುದು ಅದರಲ್ಲಿ ಒಂದೋ ಎರಡೋ ಗಂಟೆ. ಆ ಒಂದೆರಡು ಗಂಟೆ ಪಾಠ, ಉಳಿದುದೆಲ್ಲ ಅಭ್ಯಾಸ. ಪಾಠ ಆಸ್ಪತ್ರೆಯದಾದರೆ ಅಭ್ಯಾಸ ಮನೆಯದು. ಮೈಸೂರಿನಲ್ಲಿ ಕಿವುಡು ಮಕ್ಕಳ ತಂದೆತಾಯಿಗಳ ಸಂಘದವರು ನಡಸುತ್ತಿರುವ ಶಾಲೆಯೊಂದುಂಟು. ಅಲ್ಲಿ ಮಗುವಿನೊಡನೆ ತಾಯಿಯೂ ನಿತ್ಯ ಶಾಲೆಗೆ ಬಂದು ಕುಳಿತು, ಕಲಿಸುವುದನ್ನು ಕಲಿಯುತ್ತಾಳೆ. ಹೆಚ್ಚು ಓದದ ತಾಯಿಯೂ ತನ್ನ ಮಗುವಿಗೆ ಮಾತು ಕಲಿಸಬಲ್ಲಳು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆದರೆ ತಾಯಿಯೊಬ್ಬಳ ಮೇಲೆಯೇ ಈ ಭಾರವನ್ನೆಲ್ಲ ಹೊರಿಸಿ ಉಳಿದವರು ಕೈತೊಳೆದುಕೊಳ್ಳುವುದು ಧರ್ಮವಲ್ಲ. ಮಗುವಿಗೆ ಮಾತು ಬಾರದಿದ್ದರೆ ಬಸಿರಿಯಾಗಿದ್ದಾಗ ಗ್ರಹಣ ನೋಡಿದಳು ಎಂದೂ, ಅವಳ ಕಾಲ್ಗುಣ ಸರಿಯಿಲ್ಲ ಎಂದೂ ಆಡಿಕೊಳ್ಳುವ ನಾಲಗೆಗಳು ನಮ್ಮಲ್ಲಿ ಇನ್ನೂ ಇವೆ. ಗ್ರಹಣದಿಂದ ಮಗು ಕೆಡುವುದಿಲ್ಲ; ಇಂಥ ಮಾತಿನಿಂದ ತಾಯಿ ಕುಗ್ಗುತ್ತಾಳೆ, ಕುಗ್ಗಿದ ತಾಯಿ ಮಗುವನ್ನು ಮನೆಯೊಳಗೆ ಅಡಗಿಸುತ್ತಾಳೆ. ಅಜ್ಜಿ ಕಾಳು ಹಿದುಕುವಾಗ ಮಗುವನ್ನು ಬಳಿ ಕೂರಿಸಿಕೊಳ್ಳಲಿ. ಅಪ್ಪ ಸ್ನಾನ ಮಾಡಿಸುತ್ತ ಕೈ, ಕಾಲು, ನೀರು ಎಂದು ಹೆಸರಿಸಲಿ. ಅಕ್ಕ ಆಟಕ್ಕೆ ಸೇರಿಸಿಕೊಳ್ಳಲಿ. ಹಂಚಿಕೊಂಡರೆ ಭಾರ ಹಗುರ.

ಪಟ್ಟಣದ ವಿದ್ಯಾವಂತರಿಗೆ ಎರಡು ಮಾತು. ಮಗುವಿಗೆ ಮಾತು ತಡವಾಯಿತೆಂದು ಕನ್ನಡವನ್ನು ಬಿಟ್ಟು ಇಂಗ್ಲಿಷಿನಲ್ಲಿ ಮಾತ್ರ ಮಾತನಾಡಿಸುವ ಮನೆಗಳುಂಟು. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ತಂದೆತಾಯಿಗಳಿಗೆ ಸಹಜವಾಗಿ ಹರಿಯುವ ನುಡಿಯೇ ಮಗುವಿಗೆ ಹಿತ. ಎರಡನೆಯದಾಗಿ, ತುತ್ತು ತಿನ್ನಿಸಲು ಮೊಬೈಲನ್ನು ಮುಂದೆ ಹಿಡಿಯುವ ಪದ್ಧತಿ. 2 ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆಯಿತ್ತಿದೆ. ಪರದೆ ಮಾತನಾಡುತ್ತದೆ, ನಿಜ. ಮಗು ಮರುನುಡಿದರೆ ಅದು ಕೇಳಿಸಿಕೊಳ್ಳುವುದಿಲ್ಲ.

ಸರ್ಕಾರದ ಹೊಣೆಯೂ ಇದರಲ್ಲಿ ಸಣ್ಣದಲ್ಲ. ಅಂಗನವಾಡಿಗಳ ಯೋಜನೆ 1975ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರದಲ್ಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಆರೋಗ್ಯ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಬೆಳವಣಿಗೆಯಲ್ಲಿ ಹಿಂದುಳಿದವರನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಾತು ಮತ್ತು ಭಾಷೆಯ ತೊಂದರೆಯೂ ಸೇರಿದೆ. ಮೈಸೂರಿನ ಸಂಸ್ಥೆಯವರು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ತಮ್ಮ ಸೇವಾಕೇಂದ್ರವೊಂದನ್ನು ತೆರೆದು, ವಿದ್ಯೆಯನ್ನು ರೋಗಿಯ ಬಳಿಗೆ ಒಯ್ಯಬಹುದೆಂದು ತೋರಿಸಿದ್ದಾರೆ. ಇದೇ ಮಾದರಿ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಗೂ ಸಲ್ಲತಕ್ಕದ್ದು. ಒಂದು ಕೊಠಡಿ, ಒಂದು ಚಾಪೆ, ವಾರದಲ್ಲಿ ಗೊತ್ತಾದ ಒಂದು ದಿನ ತಪ್ಪದೆ ಬರುವ ಒಬ್ಬ ಚಿಕಿತ್ಸಕರು: ಕೇಳುತ್ತಿರುವುದು ಇಷ್ಟೆ. ಸಂತೆಯ ದಿನವೇ ಆ ದಿನವಾದರೆ ಇನ್ನೂ ಲೇಸು. ಪೇಟೆಗೆ ಹೇಗೂ ಬರುವ ತಾಯಿಗೆ ಬೇರೆ ಕೂಲಿ ತಪ್ಪುವುದಿಲ್ಲ.

ಕೊನೆಯದಾಗಿ ಒಂದು ಮಾತು. ಚಿಕಿತ್ಸೆ ಪಡೆದ ಮಕ್ಕಳೆಲ್ಲರೂ ಇತರರಂತೆಯೇ ಆಗುತ್ತಾರೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೆಲವರು ಪೂರ್ಣವಾಗಿ ಮಾತನಾಡುತ್ತಾರೆ. ಕೆಲವರು ಸನ್ನೆಯಿಂದಲೋ ಚಿತ್ರ ತೋರಿಸಿಯೋ ತಮ್ಮ ಇಷ್ಟವನ್ನು ತಿಳಿಸಲು ಕಲಿಯುತ್ತಾರೆ. ಇನ್ನು ಕೆಲವರು ಕೆಮ್ಮದೆ ಒಂದು ಬಟ್ಟಲು ಗಂಜಿ ಕುಡಿಯುವಷ್ಟು ಮುಂದುವರಿಯುತ್ತಾರೆ. ಆ ಒಂದು ಬಟ್ಟಲು ಗಂಜಿಯ ಬೆಲೆ ಅದನ್ನು ಕುಡಿಸಿದವರಿಗೇ ಗೊತ್ತು. ತಮ್ಮ ಮನೆಯಲ್ಲಿ, ನೆರೆಯಲ್ಲಿ, ತಮ್ಮ ಮನೆಗೆಲಸಕ್ಕೆ ಬರುವವರ ಮನೆಯಲ್ಲಿ ಇಂಥ ಮಗುವಿದ್ದರೆ ‘ಕಾಲ ಬರಲಿ’ ಎನ್ನದೆ, ಈ ವಾರವೇ ಕಿವಿ ಪರೀಕ್ಷೆ ಮಾಡಿಸಿರೆಂದು ಹೇಳಿ, ಸಾಧ್ಯವಾದರೆ ಬಸ್ಸಿನ ಖರ್ಚನ್ನು ಕೊಟ್ಟು, ಜೊತೆಗೆ ಹೋಗಿಬನ್ನಿರೆಂದು ಶ್ರೋತೃಗಳನ್ನು ಪ್ರಾರ್ಥಿಸುತ್ತೇವೆ.