ಮನೆಯಂಗಳದಲ್ಲಿ ಆಫ್ರಿಕದ ಫಿಂಚ್ ಹಕ್ಕಿಗಳ ಮರಿ ಪಾಲನೆ

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ನವಣೆ, ಸಾಮೆಯ ತೆನೆ ಬಲಿಯುವ ಕಾಲಕ್ಕೆ ಹೊಲಕ್ಕಿಳಿಯುವ ರಾಟವಾಳ ಹಕ್ಕಿಗಳನ್ನು ಎಲ್ಲರೂ ಕಂಡಿದ್ದಾರೆ. ಇವುಗಳ ಬಂಧುಗಳು ಆಫ್ರಿಕದಲ್ಲಿ, ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಸೆನೆಗಲ್ಲಿನಿಂದ ಇಥಿಯೋಪಿಯದವರೆಗೆ ಹಬ್ಬಿದ ಹುಲ್ಲುನಾಡಿನಲ್ಲಿವೆ. ಹಕ್ಕಿ ಸಾಕುವವರು ಇವನ್ನು ಆಫ್ರಿಕದ ಫಿಂಚ್ ಎಂದು ಕರೆಯುತ್ತಾರೆ. ಇವುಗಳನ್ನು ಪಂಜರದಲ್ಲಿಟ್ಟು ಕಾಳು ಹಾಕುವುದು ಸುಲಭ. ಮರಿ ಮಾಡಿಸಿ, ಆ ಮರಿಗಳಿಂದ ಮತ್ತೆ ಮರಿ ಪಡೆಯುವುದು ಕಷ್ಟ.

ಈ ಕಷ್ಟಕ್ಕೆ ಹಲವು ದಶಕಗಳ ಕಾಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಾಡಿನಲ್ಲಿ ಬಲೆ ಹಾಕಿ ಹಿಡಿದ ಹಕ್ಕಿಗಳು ಪಶ್ಚಿಮ ಆಫ್ರಿಕದಿಂದ ಹಡಗು, ವಿಮಾನಗಳಲ್ಲಿ ಅಗ್ಗವಾಗಿ ಯೂರೋಪಿಗೆ ಬರುತ್ತಿದ್ದವು. ಒಂದು ಸತ್ತರೆ ಇನ್ನೊಂದನ್ನು ಕೊಂಡರಾಯಿತು ಎಂಬ ಧೋರಣೆ ಬೆಳೆಯಿತು. ಹಕ್ಕಿಜ್ವರದ ಭೀತಿಯಿಂದ ಯೂರೋಪಿನ ಒಕ್ಕೂಟವು 2005ರಲ್ಲಿ ಕಾಡುಹಕ್ಕಿಗಳ ಆಮದನ್ನು ತಡೆಹಿಡಿದು, 2007ರಲ್ಲಿ ಅದನ್ನು ಕಾಯಂಗೊಳಿಸಿತು. ಆಮೇಲೆ ಅಲ್ಲಿನ ಸಾಕಣೆಗಾರರಿಗೆ ಉಳಿದದ್ದು ತಮ್ಮ ಮನೆಯಲ್ಲಿದ್ದ ಹಕ್ಕಿಗಳು ಮಾತ್ರ. ಮರಿ ಮಾಡಿಸಲು ಕಲಿಯದಿದ್ದ ಕಡೆ ಹಕ್ಕಿಮನೆಗಳು ಬರಿದಾದವು.

ಮೊದಲಿಗೆ ಎರಡು ಜಾತಿಗಳ ಪರಿಚಯ ಸಾಕು. ಒಂದು ಕಟ್‌ಥ್ರೋಟ್ ಫಿಂಚ್, ಅಂದರೆ ಕೊರಳುಗೆಂಪು ಹಕ್ಕಿ. ಮರಳುಗಂದು ಮೈಮೇಲೆ ಕಪ್ಪು ಗೀರುಗಳಿದ್ದು, ಗಂಡಿನ ಕೊರಳಿಗೆ ಅಡ್ಡಲಾಗಿ ಕೆಂಪು ಪಟ್ಟಿ ಇರುತ್ತದೆ. ಹೆಣ್ಣಿಗೆ ಈ ಪಟ್ಟಿ ಇಲ್ಲವಾದ್ದರಿಂದ ಜೋಡಿ ಆರಿಸುವುದು ಸುಲಭ. ಗಟ್ಟಿ ಜಾತಿ, ಹೊಸಬರಿಗೆ ತಕ್ಕದ್ದು. ಎರಡನೆಯದು ಕಾರ್ಡನ್ ಬ್ಲೂ. ತಿಳಿನೀಲಿ ಎದೆ, ಕಂದು ಬೆನ್ನು, ಗಂಡಿನ ಕೆನ್ನೆಯ ಮೇಲೆ ಕುಂಕುಮವಿಟ್ಟಂತೆ ಕೆಂಪು ಬೊಟ್ಟು. ತೂಕ ಸುಮಾರು 10 ಗ್ರಾಂ. ಲಿನೇಯಸ್ 1766ರಲ್ಲಿ ಈ ಹಕ್ಕಿಗೆ ಶಾಸ್ತ್ರೀಯ ಹೆಸರು ಕೊಟ್ಟಾಗ ಅದು ಬಂಗಾಳದ್ದೆಂದು ತಪ್ಪಾಗಿ ತಿಳಿದು 'ಬೆಂಗಾಲಸ್' ಎಂದು ಕರೆದ. ಬಂಗಾಳದ ಮುಖವನ್ನೇ ಕಾಣದ ಹಕ್ಕಿಗೆ ಆ ಹೆಸರು ಇಂದಿಗೂ ಅಂಟಿಕೊಂಡಿದೆ.

ಇನ್ನು ಆಹಾರದ ವಿಷಯ. ಸೋಲು ಗೆಲುವು ಎರಡೂ ಇಲ್ಲಿಯೇ ಇವೆ.

ದೊಡ್ಡ ಹಕ್ಕಿಗಳಿಗೆ ನವಣೆ, ಬರಗು, ಸಾಮೆ, ಸ್ವಲ್ಪ ಸಜ್ಜೆ ಸಾಕು. ಆದರೆ ಆಗತಾನೆ ಮೊಟ್ಟೆಯೊಡೆದ ಕಾರ್ಡನ್ ಬ್ಲೂ ಮರಿ ಸುಮಾರು ಒಂದು ಗ್ರಾಂ ತೂಗುತ್ತದೆ. ಮೂರು ವಾರಗಳ ಆಸುಪಾಸಿನಲ್ಲಿ ಅದು ಗರಿ ತುಂಬಿಸಿಕೊಂಡು ಗೂಡು ಬಿಡಬೇಕು. ಈ ಬೆಳವಣಿಗೆಗೆ ಬೇಕಾದ ಸಸಾರಜನಕ ಒಣಕಾಳಿನಲ್ಲಿಲ್ಲ. ಕಾಡಿನಲ್ಲಿ ತಾಯಿತಂದೆಗಳು ಗೆದ್ದಲು ಮತ್ತಿತರ ಸಣ್ಣ ಹುಳುಗಳನ್ನು ಹೆಕ್ಕಿ ಮರಿಗಳಿಗೆ ಉಣಿಸುತ್ತವೆ. ಹಕ್ಕಿಮನೆಯಲ್ಲಿ ಹುಳು ಸಿಗದಿದ್ದರೆ ಹಸಿದ ಮರಿಗಳನ್ನು ಗೂಡಿನಿಂದ ಎಳೆದು ಹೊರಗೆಸೆಯುತ್ತವೆ. ಬೆಳಿಗ್ಗೆ ನೆಲದ ಮೇಲೆ ಬಿದ್ದಿರುವ ಮರಿಗಳನ್ನು ಕಂಡು "ಈ ಹಕ್ಕಿಗೆ ತಾಯ್ತನವಿಲ್ಲ" ಎಂದು ಬಯ್ಯುವುದುಂಟು. ಬಯ್ಯಬೇಕಾದ್ದು ಹಕ್ಕಿಯನ್ನಲ್ಲ.

ಪಟ್ಟಣದ ಸಾಕಣೆಗಾರನಿಗಿಲ್ಲದ ಅನುಕೂಲ ರೈತನಿಗೆ ಇಲ್ಲಿಯೇ ಉಂಟು. ಒಂದು ಹಳೆಯ ಮಡಕೆಗೆ ಒಣಹುಲ್ಲು, ಸಗಣಿ ತುಂಬಿ ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಬೇಕು. ಮರುದಿನ ಎತ್ತಿದರೆ ಗೆದ್ದಲು ಸೇರಿಕೊಂಡಿರುತ್ತದೆ. ಪಶ್ಚಿಮ ಆಫ್ರಿಕದ ಹಳ್ಳಿಗಳಲ್ಲಿ ಕೋಳಿಮರಿಗಳಿಗಾಗಿ ಇದೇ ರೀತಿ ಗೆದ್ದಲು ಹಿಡಿಯುತ್ತಾರೆ. ಆದರೆ ಕೀಟನಾಶಕ ಸುರಿದ ಹುತ್ತದ ಗೆದ್ದಲನ್ನು ಎಂದಿಗೂ ಕೊಡಬಾರದು. ಇಡೀ ಹಕ್ಕಿಮನೆ ಒಂದೇ ದಿನದಲ್ಲಿ ಬರಿದಾದೀತು. ಔಷಧಿ ಹೊಡೆದ ಹೊಲದ ತೆನೆಗೂ ಇದೇ ಮಾತು. ಕೊಳೆತ ಬಾಳೆಹಣ್ಣನ್ನು ಡಬ್ಬಿಯಲ್ಲಿಟ್ಟರೆ ಹಣ್ಣಿನ ನೊಣಗಳು ಖರ್ಚಿಲ್ಲದೆ ಹುಟ್ಟುತ್ತವೆ. ಸಣ್ಣ ಮೀಲ್‌ವರ್ಮ್ ಹುಳುಗಳೂ ಆದೀತು. ಪೊರೆ ಬಿಟ್ಟ ಬಿಳಿಯ ಹುಳು ಮರಿಗಳಿಗೆ ಮೃದು. ಮರಿ ಹೊರಬಂದ ದಿನದಿಂದ ಕನಿಷ್ಠ ಹತ್ತು ದಿನ, ಬೆಳಗಿನಿಂದ ಸಂಜೆಯವರೆಗೆ ನಾಲ್ಕೈದು ಬಾರಿ, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮಧ್ಯದಲ್ಲಿ ಒಂದು ದಿನ ಮದುವೆಗೋ ಸಂತೆಗೋ ಹೋಗಿ ತಪ್ಪಿಸಿದರೆ ಆ ಸೂಲು ಕೈತಪ್ಪಿತೆಂದೇ ತಿಳಿಯಬೇಕು. ಮನೆಯಲ್ಲಿ ಮತ್ತೊಬ್ಬರಿಗೆ ಕೆಲಸ ಕಲಿಸಿರುವುದು ಲೇಸು.

ಹುಳುವಿನ ಜೊತೆಗೆ ಹಾಲುಗಾಳಿನ ನವಣೆ ತೆನೆ ಉತ್ತಮ ಆಹಾರ. ಹಿತ್ತಿಲಿನ ಒಂದೆರಡು ಮಡಿಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬಿತ್ತುತ್ತಿದ್ದರೆ ಹಸಿತೆನೆ ಸತತವಾಗಿ ದೊರೆಯುತ್ತದೆ. ಇಲ್ಲವಾದರೆ ಕಾಳನ್ನು ಒಂದು ದಿನ ನೆನೆಸಿ, ತೊಳೆದು, ಬಿಳಿ ಮೊಳಕೆ ಇಣುಕಿದಾಗ ಕೊಡಬಹುದು. ಹುಳಿ ವಾಸನೆ ಬಂದರೆ ಚೆಲ್ಲಿಬಿಡಬೇಕು. ಸುಣ್ಣದಂಶಕ್ಕೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆ, ಇಲ್ಲವೆ ಬಾಣಲೆಯಲ್ಲಿ ಚೆನ್ನಾಗಿ ಹುರಿದು ಪುಡಿಮಾಡಿದ ಕೋಳಿಮೊಟ್ಟೆಯ ಚಿಪ್ಪು ಸದಾ ಇರಬೇಕು. ಇದು ತಪ್ಪಿದರೆ, ಅದರಲ್ಲೂ ಚಳಿಗಾಲದಲ್ಲಿ, ಎಳೆಯ ಹೆಣ್ಣುಗಳಿಗೆ ಮೊಟ್ಟೆ ಸಿಕ್ಕಿಕೊಂಡು ಸಾವು ಬರುತ್ತದೆ. ಒಂದು ವರ್ಷ ತುಂಬದ ಹೆಣ್ಣಿಗೆ ಜೋಡಿ ಕಟ್ಟದಿರುವುದು ಮೇಲು.

ಹಕ್ಕಿಮನೆಗೆ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಏಳು ಅಡಿ ಎತ್ತರವಿದ್ದರೆ ಸಾಕು. ಮುಂಗಾರು ಮಳೆ ಬಡಿಯುವ ನೈಋತ್ಯ ದಿಕ್ಕಿಗೆ ಗೋಡೆ, ಅರ್ಧ ಭಾಗಕ್ಕೆ ಹೆಂಚಿನ ಮಾಡು, ಉಳಿದದ್ದಕ್ಕೆ ಅರ್ಧ ಅಂಗುಲದ ಕಣ್ಣಿನ ಜಾಲರಿ. ಇಲಿಮರಿ ಅರ್ಧ ಅಂಗುಲದಲ್ಲೂ ನುಸುಳೀತು. ಕೆಳಗಿನ ಎರಡಡಿಗೆ ಕಾಲು ಅಂಗುಲದ ಜಾಲರಿ ಹೊಡೆದು ನೆಲದೊಳಗೂ ಒಂದಡಿ ಇಳಿಸಿದರೆ ಇಲಿ, ಹಾವುಗಳ ಕಾಟ ತಗ್ಗುತ್ತದೆ. ಬಾಗಿಲು ಎರಡಿರಬೇಕು: ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವಂತೆ.

ಗೂಡಿಗೆ ಒಣಸೋರೆ ಬುರುಡೆ, ಬಿದಿರಿನ ಸಣ್ಣ ಬುಟ್ಟಿ ಅಥವಾ ಐದಂಗುಲದ ಮರದ ಪೆಟ್ಟಿಗೆ ಆಗಬಹುದು. ಕಾಡಿನಲ್ಲಿ ಕೊರಳುಗೆಂಪು ಹಕ್ಕಿ ನಮ್ಮ ಗೀಜಗನಂಥ ನೇಕಾರ ಹಕ್ಕಿಗಳು ಬಿಟ್ಟುಹೋದ ಗೂಡಿನಲ್ಲಿಯೇ ಸಂಸಾರ ಹೂಡುತ್ತದೆ. ಇಲ್ಲಿಯೂ ಸಿದ್ಧಗೂಡನ್ನು ಕೂಡಲೇ ಒಪ್ಪುತ್ತದೆ. ಪಕ್ಕದವರ ಗೂಡಿಗೂ ನುಗ್ಗುವ ಚಾಳಿಯಿದೆ. ಆದಕಾರಣ ಅದನ್ನು ಕಾರ್ಡನ್ ಬ್ಲೂ ಜೊತೆಗೆ ಬಿಡಬಾರದು. ಕಾರ್ಡನ್ ಬ್ಲೂ ಪೊದೆಯ ಮರೆಯಲ್ಲಿ ಹುಲ್ಲಿನಿಂದ ತಾನೇ ಗುಂಡಗಿನ ಗೂಡು ಕಟ್ಟಬಲ್ಲದು. ಒಣಹುಲ್ಲು, ಗರಿ, ತೆಂಗಿನ ನಾರಿನ ಗಿಡ್ಡ ತುಂಡುಗಳನ್ನು ಒದಗಿಸಬೇಕು. ಉದ್ದನೆಯ ದಾರ ಕಾಲಿಗೆ ಸುತ್ತಿಕೊಳ್ಳುತ್ತದೆ. ಗಂಡು ಒಂದು ಹುಲ್ಲೆಸಳನ್ನು ಕೊಕ್ಕಿನಲ್ಲಿ ಹಿಡಿದು ಹೆಣ್ಣಿನ ಮುಂದೆ ಕುಣಿಯತೊಡಗಿದರೆ ಕೆಲಸ ಶುರುವಾಯಿತೆಂದು ಅರ್ಥ.

ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆಗಳು, ಕಾವು 12ರಿಂದ 13 ದಿನ. ಈ ಅವಧಿಯಲ್ಲಿ ಗೂಡಿಗೆ ಕೈ ಹಾಕಿದರೆ ಕೊರಳುಗೆಂಪು ಹಕ್ಕಿ ಮೊಟ್ಟೆಗಳನ್ನು ತೊರೆಯಬಹುದು. ಮರಿಗಳಿಗೆ ಹತ್ತು ದಿನ ತುಂಬುವ ಹೊತ್ತಿಗೆ ಕಾರ್ಡನ್ ಬ್ಲೂ ರಾತ್ರಿ ಕಾವು ಕೊಡುವುದನ್ನು ನಿಲ್ಲಿಸುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಮರಿಗಳು ಸೆಡೆತು ಸಾಯುವುದು ಆಗಲೇ. ಗೂಡುಗಳು ಮಾಡಿನ ಕೆಳಗಿದ್ದು, ಅತ್ತ ಗೋಣಿತಾಟಿನ ಪರದೆ ಇಳಿಬಿಟ್ಟರೆ ಉಪಕಾರವಾದೀತು. ವರ್ಷಕ್ಕೆ ಮೂರು ಸೂಲು ಸಾಕು. ನಂತರ ಗೂಡುಗಳನ್ನು ತೆಗೆದಿಟ್ಟು ಜೋಡಿಗೆ ವಿಶ್ರಾಂತಿ ಕೊಡಬೇಕು.

ಹುಳು ಹಿಡಿಯುವ ಶ್ರಮ ತಪ್ಪಿಸಲು ಮೊಟ್ಟೆಗಳನ್ನು ಬೆಂಗಾಲೀಸ್ ಫಿಂಚ್ ಎಂಬ ಸಾಕುಹಕ್ಕಿಗೆ ಕೊಟ್ಟು ಕಾವು ಕೂರಿಸುವ ವಾಡಿಕೆ ಉಂಟು. ಈ ಸಾಧುಹಕ್ಕಿ ಬಿಳಿಬೆನ್ನಿನ ರಾಟವಾಳದಿಂದ ಜಪಾನಿನಲ್ಲಿ ಪಳಗಿಸಿ ಬೆಳೆಸಿದ ತಳಿ. ಆದರೆ ಇದರಲ್ಲಿ ದೊಡ್ಡ ಅಪಾಯವಿದೆ. ಜರ್ಮನಿಯ ಕ್ಲಾಸ್ ಇಮೆಲ್‌ಮನ್ ಎಂಬ ವಿಜ್ಞಾನಿ ಆಸ್ಟ್ರೇಲಿಯದ ಜೀಬ್ರಾ ಫಿಂಚ್ ಗಂಡುಮರಿಗಳನ್ನು ಬೆಂಗಾಲೀಸ್ ದಾದಿಗಳಿಂದ ಸಾಕಿಸಿ ನೋಡಿದಾಗ, ಅವು ಬೆಳೆದ ಮೇಲೆ ಸ್ವಜಾತಿಯ ಹೆಣ್ಣನ್ನು ಬಿಟ್ಟು ಬೆಂಗಾಲೀಸ್ ಹೆಣ್ಣಿನ ಹಿಂದೆ ಬಿದ್ದವು. ಮರಿಗಳ ಸಂಖ್ಯೆ ಪುಸ್ತಕದಲ್ಲಿ ಏರೀತು, ಮುಂದಿನ ತಲೆಮಾರು ಮಾತ್ರ ನಿಂತುಹೋದೀತು. ಸ್ವಂತ ತಾಯಿತಂದೆ ಸಾಕಿದ ಎರಡು ಮರಿ, ದಾದಿ ಸಾಕಿದ ಹತ್ತಕ್ಕಿಂತ ಬೆಲೆಯುಳ್ಳವು.

ಕಾನೂನಿನ ಮಾತನ್ನು ಮರೆಯಬಾರದು. ನಮ್ಮ ಹೊಲದ ರಾಟವಾಳಗಳನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಣ್ಣ ಬಳಿದು "ವಿದೇಶಿ ಹಕ್ಕಿ" ಎಂದು ಮಾರುವವರಿಂದ ಎಚ್ಚರವಿರಲಿ. 2022ರ ತಿದ್ದುಪಡಿಯಂತೆ, ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಪಕ್ಷಿಗಳನ್ನು ಸಾಕುವವರು ನೋಂದಾಯಿಸಬೇಕು. ಕೊಳ್ಳುವ ಮುನ್ನ ಆ ಜಾತಿ ಪಟ್ಟಿಯಲ್ಲಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ರಶೀದಿ ಪಡೆಯಬೇಕು. ಬೇಡವಾದ ಹಕ್ಕಿಗಳನ್ನು ಹೊರಗೆ ಹಾರಿಬಿಡುವುದು ಪುಣ್ಯದ ಕೆಲಸವಲ್ಲ. ಪೋರ್ಚುಗಲ್ಲಿನಲ್ಲಿ ಹೀಗೆ ಪಂಜರದಿಂದ ಹೊರಬಿದ್ದ ಆಫ್ರಿಕದ ವ್ಯಾಕ್ಸ್‌ಬಿಲ್ ಹಕ್ಕಿಗಳು ಇಂದು ದೇಶವೆಲ್ಲ ಹರಡಿವೆ.

ಇದನ್ನು ಆದಾಯದ ಕಸುಬೆಂದು ನಂಬಿ ಸಾಲ ಮಾಡಬೇಕಾಗಿಲ್ಲ. ಒಂದು ಜೋಡಿಯಿಂದ ಆರಂಭಿಸಿ ನೋಟುಪುಸ್ತಕ ಇಡಬೇಕು: ಮೊಟ್ಟೆಯಿಟ್ಟ ದಿನ, ಮರಿಯಾದ ದಿನ, ಯಾವ ಮರಿ ಯಾವ ಜೋಡಿಯದು, ಕಾಲುಂಗುರದ ಸಂಖ್ಯೆ. ಒಡಹುಟ್ಟುಗಳನ್ನು ಜೋಡಿ ಕಟ್ಟದೆ, ಬೇರೆ ಸಾಕಣೆಗಾರರೊಂದಿಗೆ ಮರಿಗಳನ್ನು ಬದಲಾಯಿಸಿಕೊಳ್ಳಲು ಈ ಪುಸ್ತಕವೇ ಆಧಾರ. ಹೊಸದಾಗಿ ತಂದ ಹಕ್ಕಿಯನ್ನು ಮೂವತ್ತು ದಿನ ಬೇರೆ ಪಂಜರದಲ್ಲಿಟ್ಟು, ಹಿಕ್ಕೆ ಮತ್ತು ಉಸಿರಾಟವನ್ನು ಗಮನಿಸಿ, ಆನಂತರವೇ ಹಕ್ಕಿಮನೆಗೆ ಸೇರಿಸಬೇಕು.