ದನಿಗೆ ಹಾಕಿದ ಕರಾರು

ಅಮೆರಿಕದಲ್ಲಿ ಟಿವಿ ವಾರ್ತೆ ಓದುವವರು ಕೆಲಸ ಬಿಟ್ಟರೂ ಕರಾರು ಅವರನ್ನು ಬಿಡುತ್ತಿರಲಿಲ್ಲ. ಆರು ತಿಂಗಳೋ ಒಂದು ವರ್ಷವೋ ಅದೇ ಊರಿನ ಇನ್ನೊಂದು ಸ್ಟೇಷನ್ನಿಗೆ ಸೇರುವಂತಿಲ್ಲ. ಒಂದೋ ಮನೆಯಲ್ಲಿ ಕೂರಬೇಕು, ಇಲ್ಲವೇ ಮಕ್ಕಳನ್ನು ಶಾಲೆ ಬಿಡಿಸಿ ಗಂಟುಮೂಟೆ ಕಟ್ಟಬೇಕು. ಈ ಮುಖವನ್ನು ಊರಿಗೆಲ್ಲ ಪರಿಚಯಿಸಲು ಹಣ ಸುರಿದವರು ನಾವಲ್ಲವೇ ಎಂಬುದು ಮಾಲೀಕರ ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ತೆರೆಯ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳದ ಪ್ರೊಡ್ಯೂಸರಿಗೂ, ಮಾಲೀಕರೇ ಕೆಲಸದಿಂದ ತೆಗೆದವರಿಗೂ ಇದೇ ಷರತ್ತು ಯಾಕೆ?

1996ರ ದೂರಸಂಪರ್ಕ ಕಾಯ್ದೆ ಈ ಸಿಟ್ಟಿಗೆ ತುಪ್ಪ ಸುರಿಯಿತು. ಒಬ್ಬ ಮಾಲೀಕ ದೇಶದಲ್ಲಿ ಎಷ್ಟು ರೇಡಿಯೋ ಸ್ಟೇಷನ್ ಹೊಂದಬಹುದೆಂಬ ಮಿತಿಯೇ ಹೋಯಿತು. ದೊಡ್ಡ ನಗರವೊಂದರಲ್ಲೇ ಎಂಟನ್ನು ಇಟ್ಟುಕೊಳ್ಳಬಹುದಾಯಿತು. ಕ್ಲಿಯರ್ ಚಾನೆಲ್ ಕಂಪನಿ ಸಾವಿರಕ್ಕೂ ಹೆಚ್ಚು ಸ್ಟೇಷನ್‌ಗಳನ್ನು ಕೈಗೆ ತೆಗೆದುಕೊಂಡಿತು. ಮಾಲೀಕರು ಕಡಿಮೆಯಾದಷ್ಟೂ ನೌಕರನಿಗೆ ತಟ್ಟಲು ಬಾಗಿಲುಗಳೂ ಕಡಿಮೆ.

ಆಗ ಕಲಾವಿದರ ಸಂಘ ಆಫ್ಟ್ರಾ ರಾಜ್ಯ ರಾಜ್ಯವೇ ಸುತ್ತಿತು. 1998ರಲ್ಲಿ ಮ್ಯಾಸಚೂಸೆಟ್ಸ್, ಆಮೇಲೆ ಮೇನ್, ಇಲಿನಾಯ್, ಅರಿಜೋನಾ, 2008ರಲ್ಲಿ ನ್ಯೂಯಾರ್ಕ್ ಪ್ರಸಾರ ನೌಕರರಿಗೆ ಇಂಥ ಕರಾರು ಹಾಕದಂತೆ ಕಾಯ್ದೆ ಮಾಡಿದವು. ಶಾಸಕರಿಗೂ ದಿನಬೆಳಗಾದರೆ ಇವರದೇ ಮೈಕಿನ ಮುಂದೆ ನಿಲ್ಲಬೇಕಲ್ಲ! ಅಹವಾಲು ಬೇಗ ಕಿವಿಗೆ ಬಿದ್ದಿದ್ದರಲ್ಲಿ ಅದರ ಪಾಲೂ ಇದ್ದೀತು.

ನ್ಯೂಯಾರ್ಕಿನದು ವಿಚಿತ್ರ ಕಥೆ. ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲ 19ನೇ ಶತಮಾನದಲ್ಲೇ ಆ ರಾಜ್ಯಕ್ಕೊಂದು ಸಿವಿಲ್ ಸಂಹಿತೆ ಬರೆದುಕೊಟ್ಟಿದ್ದ. ಯಾರ ಉದ್ಯೋಗಕ್ಕೂ ಅಡ್ಡಿಮಾಡುವ ಕರಾರು ಅನೂರ್ಜಿತ ಎಂಬುದು ಅದರಲ್ಲೇ ಇತ್ತು. ನ್ಯೂಯಾರ್ಕ್ ಅದನ್ನು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾ 1872ರಲ್ಲಿ ಒಪ್ಪಿತು. ಅದೇ ವರ್ಷ ಬ್ರಿಟಿಷರು ನಮಗೆ ಮಾಡಿದ ಕರಾರು ಕಾಯ್ದೆಯ 27ನೇ ಕಲಮಿಗೂ ಆ ಕರಡೇ ಮೂಲ. ಹಾಗಾಗಿ ಬೆಂಗಳೂರಿನ ಎಫ್‌ಎಂ ನಿರೂಪಕಿ ಕೆಲಸ ಬಿಟ್ಟ ಮೇಲೆ ಎದುರಾಳಿ ಸ್ಟೇಷನ್ ಸೇರುವುದನ್ನು ಕರಾರು ತಡೆಯಲಾರದು. ಕೆಲಸದಲ್ಲಿರುವಷ್ಟು ಕಾಲ ಮಾತ್ರ ಕಟ್ಟುಪಾಡು ನಿಲ್ಲುತ್ತದೆ; 1967ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಅಂಥದ್ದನ್ನು.

ಅಮೆರಿಕದಲ್ಲಿ ಎಲ್ಲ ನೌಕರರಿಗೂ ಈ ಬಿಡುಗಡೆ ಕೊಡಹೊರಟಾಗ ರಾಜಕೀಯ ಬಣ್ಣ ಬದಲಿಸಿತು. ನ್ಯೂಯಾರ್ಕ್ ಶಾಸನಸಭೆ 2023ರಲ್ಲಿ ಪಾಸು ಮಾಡಿದ ಮಸೂದೆಗೆ ಗವರ್ನರ್ ಕ್ಯಾಥಿ ಹೋಕಲ್ ಸಹಿ ಹಾಕಲಿಲ್ಲ. ವಾಲ್ ಸ್ಟ್ರೀಟ್ ಅದರ ವಿರುದ್ಧ ನಿಂತಿತ್ತು. ಕೇಂದ್ರದ ವ್ಯಾಪಾರ ಆಯೋಗ 2024ರಲ್ಲಿ ತಂದ ನಿಷೇಧವನ್ನು ಟೆಕ್ಸಾಸಿನ ನ್ಯಾಯಾಲಯ ಜಾರಿಗೆ ಮುನ್ನವೇ ರದ್ದುಮಾಡಿತು. ಪ್ರಸಾರದವರ ಕಾಯ್ದೆ ಪಾರಾದದ್ದು ಅದು ಚಿಕ್ಕದಾಗಿದ್ದರಿಂದ ಎಂದೇ ನನಗನಿಸುತ್ತದೆ. ಅದರಲ್ಲೂ ಚೌಕಾಸಿ ನಡೆದಿದೆ: 2008ರ ನ್ಯೂಯಾರ್ಕ್ ಕಾಯ್ದೆ ವಾರ್ತಾವಾಚಕನಿಗೆ ಕೊಟ್ಟ ರಕ್ಷಣೆಯನ್ನು ಅದೇ ಸ್ಟೇಷನ್ನಿನ ಮ್ಯಾನೇಜರಿಗೆ ಕೊಟ್ಟಿಲ್ಲ.